ಐರ್ಲೆಂಡ್‌ನಲ್ಲಿ ಭಾರತೀಯರ ಮೇಲೆ ಹಲ್ಲೆ: ಹಿಂಸೆ ಐರಿಷರ ರಕ್ತದಲ್ಲೇ ಇದೆಯೇ?

ಡಬ್ಲಿನ್ ನಗರದ ಅಂಚಿನಲ್ಲಿ ಟ್ಯಾಲಾ ಎಂಬ ದೊಡ್ಡ ಬಡಾವಣೆಯಿದೆ. 2025ರ ಜುಲೈ 19ರಂದು ಅಲ್ಲಿ ನಲವತ್ತು ದಾಟಿದ ಭಾರತೀಯರೊಬ್ಬರ ಮೇಲೆ ಗುಂಪೊಂದು ಎರಗಿತು. ರಕ್ತ ಸುರಿಯುವಂತೆ ಹೊಡೆದು, ಪ್ಯಾಂಟ್ ಕಿತ್ತು, ನಡುಬೀದಿಯಲ್ಲಿ ಬಿಟ್ಟು ಹೋಯಿತು. ಅವರು ಕೆಲಸಕ್ಕೆಂದು ಆ ದೇಶಕ್ಕೆ ಬಂದು ಕೆಲವೇ ವಾರಗಳಾಗಿದ್ದವು. ಮಕ್ಕಳ ಜೊತೆ ಕೆಟ್ಟದಾಗಿ ನಡೆದುಕೊಂಡರು ಎಂಬ ಸುಳ್ಳು ಆರೋಪವೊಂದು ಆನ್‌ಲೈನ್‌ನಲ್ಲಿ ಹರಿದಾಡಿತು. ಅದಕ್ಕೆ ಯಾವ ಆಧಾರವೂ ಇರಲಿಲ್ಲ.

ಅದರ ಹಿಂದೆಯೇ ಇನ್ನಷ್ಟು ಹಲ್ಲೆಗಳ ಸುದ್ದಿ ಬಂತು. ವಾಟರ್‌ಫರ್ಡ್‌ನಲ್ಲಿ ಮನೆ ಮುಂದೆ ಆಡುತ್ತಿದ್ದ ಆರು ವರ್ಷದ ಭಾರತೀಯ ಮೂಲದ ಹುಡುಗಿಯ ಮೇಲೂ ಮಕ್ಕಳ ಗುಂಪು ಕೈ ಮಾಡಿತು. ಆಗಸ್ಟ್ 1ರಂದು ಡಬ್ಲಿನ್‌ನ ಭಾರತೀಯ ರಾಯಭಾರ ಕಚೇರಿ ಎಚ್ಚರಿಕೆಯ ಸೂಚನೆ ಕೊಟ್ಟಿತು. ಆ ತಿಂಗಳು ನಡೆಯಬೇಕಿದ್ದ ಇಂಡಿಯಾ ಡೇ ಹಬ್ಬ ಮುಂದಕ್ಕೆ ಹೋಯಿತು. ಆಗಿನ ರಾಷ್ಟ್ರಪತಿ ಮೈಕಲ್ ಡಿ. ಹಿಗಿನ್ಸ್ ಅವರೇ ಈ ಹಲ್ಲೆಗಳನ್ನು ಕಟುವಾಗಿ ಖಂಡಿಸಿದರು.

ಗೊಂದಲ ಶುರುವಾಗುವುದು ಇಲ್ಲಿ

ವಿಶ್ವ ಶಾಂತಿ ಸೂಚ್ಯಂಕದಲ್ಲಿ ಐರ್ಲೆಂಡ್ 2025ರಲ್ಲಿ ಎರಡನೇ ಸ್ಥಾನದಲ್ಲಿತ್ತು. ಐಸ್‌ಲೆಂಡ್ ಬಿಟ್ಟರೆ ಜಗತ್ತಿನ ಅತ್ಯಂತ ಶಾಂತ ದೇಶ. ಅಲ್ಲಿ ಲಕ್ಷ ಜನಕ್ಕೆ ವರ್ಷಕ್ಕೆ ಒಂದು ಕೊಲೆಯೂ ಆಗುವುದಿಲ್ಲ. ಹಾಗಿದ್ದರೆ ಟ್ಯಾಲಾದಲ್ಲಿ ನಡೆದದ್ದು ಏನು? ಇನ್ನೊಂದು ಕಡೆ ಐರಿಷರೆಂದರೆ ಕುಡಿತ, ಜಗಳ, ಬಾಂಬ್ ಎಂಬ ಹಳೇ ಮಾತಿದೆ. ‘ಅವರು ಮೊದಲಿಂದಲೂ ಹಾಗೇ’ ಎಂದು ಹೇಳಿ ಮುಗಿಸುವವರು ನಮ್ಮಲ್ಲೂ ಇದ್ದಾರೆ.

ಶಾಂತಿ ಸೂಚ್ಯಂಕದ ಗೊಂದಲ ಬಿಡಿಸುವುದು ಸುಲಭ. ಅದು ಸೇನಾ ಖರ್ಚು, ಯುದ್ಧ, ನೆರೆ ದೇಶಗಳ ಜೊತೆಗಿನ ಸಂಬಂಧ ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕುತ್ತದೆ. ಯುದ್ಧಕ್ಕೆ ಹೋಗದ, ಸಣ್ಣ ಸೇನೆಯ ದೇಶಕ್ಕೆ ಒಳ್ಳೆ ಅಂಕ ಸಿಗುತ್ತದೆ. ಬೇರೆ ಬಣ್ಣದ ಮನುಷ್ಯ ಬಸ್ ಸ್ಟಾಪಿನಲ್ಲಿ ನಿಂತಾಗ ಏನಾಗುತ್ತದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಎರಡನೇ ಮಾತಿಗೆ ಮಾತ್ರ ಸಾವಧಾನದ ಉತ್ತರ ಬೇಕು. ಐರಿಷರ ಇತಿಹಾಸದಲ್ಲಿ ಹಿಂಸೆ ಇದ್ದದ್ದು ನಿಜ. ಆದರೆ ಅದು ಕಾಲಕ್ಕೆ ತಕ್ಕಂತೆ, ಊರಿಗೆ ತಕ್ಕಂತೆ ಏರಿದೆ, ಇಳಿದಿದೆ. ಇಳಿದ ಕಡೆಗಳಲ್ಲೆಲ್ಲ ಒಂದು ಸಮಾನ ಅಂಶ ಕಾಣುತ್ತದೆ: ಕಾನೂನು ತಮ್ಮದು ಎಂದು ಜನಕ್ಕೆ ಅನಿಸಿತ್ತು. ಅದು ಇನ್ಯಾರದೋ ಕಾನೂನು ಎನಿಸಿದಾಗ ದೊಣ್ಣೆ ಹೊರಗೆ ಬಂದಿದೆ.

ಜಾತ್ರೆಯ ದೊಣ್ಣೆ, ರಾತ್ರಿಯ ಬಿಳಿ ಅಂಗಿ

ಬ್ರಿಟಿಷರ ಹಿಡಿತದಲ್ಲಿದ್ದ 18ನೇ ಶತಮಾನದ ಐರ್ಲೆಂಡ್‌ನಲ್ಲಿ ಬಹುಪಾಲು ಜನ ಕ್ಯಾಥೊಲಿಕರು. ಬಹುಪಾಲು ಭೂಮಿ ಪ್ರೊಟೆಸ್ಟೆಂಟ್ ಜಮೀನ್ದಾರರದ್ದು. ಕ್ಯಾಥೊಲಿಕರು ಭೂಮಿ ಕೊಳ್ಳಲು, ಸರ್ಕಾರಿ ಹುದ್ದೆ ಹಿಡಿಯಲು, ಪಾರ್ಲಿಮೆಂಟಿನಲ್ಲಿ ಕೂರಲು ಕಾನೂನೇ ಅಡ್ಡ ಬರುತ್ತಿತ್ತು. ತಾವು ಕಾಲಿಡದ ಚರ್ಚಿಗೆ ತಮ್ಮ ಬೆಳೆಯಿಂದ ತೆರಿಗೆ ಕಟ್ಟಬೇಕಿತ್ತು. ನ್ಯಾಯಾಧೀಶರೂ ಹೆಚ್ಚಾಗಿ ಆ ಜಮೀನ್ದಾರರೇ, ಇಲ್ಲವೇ ಅವರ ಬಳಗ. ಇಂಥ ಕಡೆ ಬಡ ಗೇಣಿದಾರ ದೂರು ಕೊಡಲು ಎಲ್ಲಿಗೆ ಹೋಗಬೇಕು?

1761ರ ಸುಮಾರಿಗೆ ಟಿಪ್ಪರರಿ ಕಡೆ ಗುಟ್ಟಿನ ಗುಂಪುಗಳು ಹುಟ್ಟಿದವು. ಬಟ್ಟೆಯ ಮೇಲೆ ಬಿಳಿ ಅಂಗಿ ತೊಟ್ಟು ರಾತ್ರಿ ತಿರುಗುತ್ತಿದ್ದರು. ಹಾಗಾಗಿ ವೈಟ್‌ಬಾಯ್ಸ್ ಎಂಬ ಹೆಸರು ಬಂತು. ಊರಿನ ಗೋಮಾಳಕ್ಕೆ ಹಾಕಿದ ಬೇಲಿ ಕಿತ್ತರು. ಜಾನುವಾರುಗಳನ್ನು ಊನ ಮಾಡಿದರು. ಹಳೆ ಗೇಣಿದಾರನನ್ನು ಎಬ್ಬಿಸಿ ಆ ಜಮೀನು ಹಿಡಿದವನ ಬಾಗಿಲಿಗೆ ಬೆದರಿಕೆ ಪತ್ರ ಅಂಟಿಸಿದರು. ಮುಂದೆ ರಿಬ್ಬನ್‌ಮೆನ್ ಎಂಬ ಇಂಥದೇ ಗುಟ್ಟಿನ ಗುಂಪುಗಳು ಬಂದವು. 1820ರ ದಶಕದಲ್ಲಿ ಕ್ಯಾಪ್ಟನ್ ರಾಕ್ ಎಂಬ ಕಲ್ಪಿತ ನಾಯಕನ ಹೆಸರಲ್ಲಿ ದಂಗೆಗಳಾದವು.

ಇದನ್ನು ಬಡವರ ನ್ಯಾಯ ಎಂದು ಹೊಗಳಿ ಸುಮ್ಮನಾಗುವಂತಿಲ್ಲ. ಈ ಗುಂಪುಗಳ ಏಟು ಜಮೀನ್ದಾರನಿಗಿಂತ ಜಾಸ್ತಿ ಬಿದ್ದದ್ದು ತಮ್ಮಂಥವರ ಮೇಲೆಯೇ. ಪಕ್ಕದ ರೈತ, ಬಾಡಿಗೆ ವಸೂಲಿ ಮಾಡುವವನು, ಪರ ಊರಿಂದ ಕಡಿಮೆ ಕೂಲಿಗೆ ಬಂದ ಆಳು. ಈ ಕೊನೆಯವನನ್ನು ನೆನಪಿಟ್ಟುಕೊಳ್ಳಬೇಕು. ಹೊರಗಿನಿಂದ ದುಡಿಯಲು ಬಂದವನ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಐರ್ಲೆಂಡ್‌ನಲ್ಲಿ 2025ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ.

ಇದರ ಜೊತೆಗೆ ಜಾತ್ರೆ, ಸಂತೆಗಳಲ್ಲಿ ಮನೆತನಗಳು ಗುಂಪು ಕಟ್ಟಿ ದೊಣ್ಣೆ ಹಿಡಿದು ಹೊಡೆದಾಡುವ ಚಟವೂ ಇತ್ತು. ಗಲಾಟೆಗೆ ಹೆಸರಾಗಿದ್ದ ಡಬ್ಲಿನ್ ಬಳಿಯ ಡಾನಿಬ್ರೂಕ್ ಜಾತ್ರೆ ನಿಂತದ್ದು 1855ರಲ್ಲಿ.

ಬ್ರಿಟಿಷ್ ಸರ್ಕಾರ ಇದಕ್ಕೆಲ್ಲ ಕೊಟ್ಟ ಉತ್ತರ ಪೊಲೀಸ್. 1814ರಲ್ಲಿ, ಆಗ ಐರ್ಲೆಂಡಿನ ಆಡಳಿತ ನೋಡುತ್ತಿದ್ದ ರಾಬರ್ಟ್ ಪೀಲ್ ಒಂದು ಪಡೆ ಕಟ್ಟಿದರು. 1822 ಮತ್ತು 1836ರ ಕಾನೂನುಗಳಿಂದ ಅದು ಡಬ್ಲಿನ್ ಬಿಟ್ಟು ಬಹುಪಾಲು ಐರ್ಲೆಂಡಿನ ಸಶಸ್ತ್ರ ಪೊಲೀಸ್ ಆಯಿತು. ಬಂದೂಕು, ಬ್ಯಾರಕ್, ಮೇಲಿನಿಂದ ಬರುವ ಆಜ್ಞೆ. ಲಂಡನ್ನಿನ ಬೀದಿಗೆ ನಿರಾಯುಧ ಪೊಲೀಸ್, ಐರ್ಲೆಂಡಿನ ಹಳ್ಳಿಗೆ ಬಂದೂಕಿನ ಪೊಲೀಸ್! 1843ರಲ್ಲಿ ಸಿಂಧ್ ಗೆದ್ದ ಚಾರ್ಲ್ಸ್ ನೇಪಿಯರ್ ಅಲ್ಲಿ ಪೊಲೀಸ್ ಕಟ್ಟುವಾಗ ಈ ಐರಿಷ್ ಮಾದರಿಯನ್ನೇ ಎತ್ತಿಕೊಂಡರು. ಭಾರತದ 1861ರ ಪೊಲೀಸ್ ಕಾಯ್ದೆಯ ಹಿಂದೆಯೂ ಅದರ ನೆರಳಿದೆ. ಆಳಿಸಿಕೊಳ್ಳುವ ಜನರನ್ನು ಕಾಯುವುದಕ್ಕಿಂತ ಹದ್ದುಬಸ್ತಿನಲ್ಲಿ ಇಡುವ ಪೊಲೀಸ್ ನಮಗೆ ಬಂದ ದಾರಿಗಳಲ್ಲಿ ಇದೂ ಒಂದು.

ನೆಲ ಕೈಗೆ ಬಂದ ಮೇಲೆ

1845ರಿಂದ ಆಲೂಗಡ್ಡೆ ಬೆಳೆಗೆ ರೋಗ ಬಂತು. ಮುಂದಿನ ಕೆಲವು ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ಜ್ವರದಿಂದ ಸತ್ತರು. ಅದಕ್ಕಿಂತ ಹೆಚ್ಚು ಜನ ದೇಶ ಬಿಟ್ಟರು. ಆ ವರ್ಷಗಳಲ್ಲಿ ಅಪರಾಧದ ಲೆಕ್ಕವೂ ಮೇಲೇರಿತು. ಕುರಿ, ದನ, ಕಾಳು ಕದ್ದವರಿಂದ ಜೈಲು ತುಂಬಿತು. ಹೊಟ್ಟೆಗಿಲ್ಲದೆ ಕದ್ದವರನ್ನೂ ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಗಡೀಪಾರು ಮಾಡಿದರು. 1791ರಿಂದ ಹೀಗೆ ಐರ್ಲೆಂಡಿನಿಂದ ಹೋದ ಕೈದಿಗಳು ಸುಮಾರು 40 ಸಾವಿರ.

1879ರಲ್ಲಿ ಲ್ಯಾಂಡ್ ಲೀಗ್ ಹುಟ್ಟಿತು. ಮೈಕಲ್ ಡೇವಿಟ್ ಮತ್ತು ಚಾರ್ಲ್ಸ್ ಪಾರ್ನೆಲ್ ಅದರ ಮುಂದಾಳುಗಳು. ಗೇಣಿ ಇಳಿಸಿ, ಒಕ್ಕಲೆಬ್ಬಿಸಬೇಡಿ, ಉಳುವವನಿಗೆ ನೆಲ ಕೊಡಿ ಎಂಬುದು ಬೇಡಿಕೆ. ಹಿಂಸೆ ಪೂರ್ತಿ ನಿಲ್ಲಲಿಲ್ಲ. 1882ರ ಮೇ ತಿಂಗಳಲ್ಲಿ ಡಬ್ಲಿನ್‌ನ ಫೀನಿಕ್ಸ್ ಪಾರ್ಕಿನಲ್ಲಿ ಇಬ್ಬರು ದೊಡ್ಡ ಅಧಿಕಾರಿಗಳನ್ನು ಗುಟ್ಟಿನ ಗುಂಪೊಂದು ಇರಿದು ಕೊಂದಿತು. ಆದರೆ ಜನರ ಕೈಗೆ ಹೊಸದೊಂದು ದಾರಿಯೂ ಸಿಕ್ಕಿತು. 1880ರಲ್ಲಿ ಮೇಯೋ ಜಿಲ್ಲೆಯ ಜನ ಕ್ಯಾಪ್ಟನ್ ಬಾಯ್ಕಾಟ್ ಎಂಬ ಎಸ್ಟೇಟ್ ಏಜೆಂಟನ ಜೊತೆ ಮಾತು, ವ್ಯಾಪಾರ, ಕೂಲಿ ಎಲ್ಲ ಬಿಟ್ಟರು. ಅವನ ಬೆಳೆ ಕೊಯ್ಯಲು ಉತ್ತರದಿಂದ 50 ಕೂಲಿಗಳು ಬರಬೇಕಾಯಿತು. ಅವರ ಕಾವಲಿಗೆ ಸಾವಿರದಷ್ಟು ಸೈನಿಕರು, ಪೊಲೀಸರು ನಿಂತರು.

ಆಮೇಲೆ ಕಾನೂನು ಬದಲಾಯಿತು. 1881ರ ಕಾಯ್ದೆ ಗೇಣಿಗೆ ಮಿತಿ ಹಾಕಿತು. 1903ರ ವಿಂಡಮ್ ಕಾಯ್ದೆ ಸರ್ಕಾರದ ಸಾಲದಲ್ಲಿ ಗೇಣಿದಾರರೇ ಭೂಮಿ ಕೊಳ್ಳುವಂತೆ ಮಾಡಿತು. ಮೊದಲ ಮಹಾಯುದ್ಧದ ಹೊತ್ತಿಗೆ ಬಹುಪಾಲು ರೈತರು ತಮ್ಮ ನೆಲದ ಒಡೆಯರಾಗಿದ್ದರು, ಇಲ್ಲವೇ ಆಗುವ ದಾರಿಯಲ್ಲಿದ್ದರು. ನೂರೈವತ್ತು ವರ್ಷ ಬಂದೂಕಿಗೆ ಬಗ್ಗದ ರಾತ್ರಿ ಗುಂಪುಗಳಿಗೆ ಈಗ ಮೊದಲಿನ ಕೆಲಸ ಉಳಿಯಲಿಲ್ಲ. ರಕ್ತದಲ್ಲೇ ಇದ್ದ ಗುಣವಾಗಿದ್ದರೆ ಅದು ಒಂದು ಭೂ ಕಾಯ್ದೆಯಿಂದ ಇಳಿಯುತ್ತಿರಲಿಲ್ಲ ಅಲ್ವಾ?

ಅದೇ ಜನ, ನ್ಯೂಯಾರ್ಕ್‌ನಲ್ಲಿ

ಬರಗಾಲ ತಪ್ಪಿಸಿಕೊಂಡು ಹೋದವರ ಕತೆ ಬೇರೆಯೇ ಆಯಿತು. 1850ರ ದಶಕದ ಕೊನೆಯಲ್ಲಿ ನ್ಯೂಯಾರ್ಕ್ ನಗರದ ಜನರಲ್ಲಿ ಸುಮಾರು ಕಾಲು ಭಾಗ ಐರ್ಲೆಂಡಿನಲ್ಲಿ ಹುಟ್ಟಿದವರು. ಪೊಲೀಸರು ಬಂಧಿಸಿದವರಲ್ಲಿ ಮಾತ್ರ ಅವರ ಪಾಲು ಅರ್ಧಕ್ಕಿಂತ ಜಾಸ್ತಿ. ಹೆಚ್ಚಿನವು ಕುಡಿತ, ಬೀದಿ ಗಲಾಟೆಯ ಕೇಸುಗಳು. ಫೈವ್ ಪಾಯಿಂಟ್ಸ್ ಎಂಬ ಕೊಳೆಗೇರಿಯಲ್ಲಿ ಒಂದೊಂದು ಕೋಣೆಯಲ್ಲಿ ಹತ್ತಾರು ಜನ. ಕಾಲರಾ ಬಂದರೆ ಮೊದಲು ಸಾಯುವವರು ಅವರೇ.

ಅವರ ಮೇಲೂ ದಾಳಿಗಳಾದವು. 1844ರಲ್ಲಿ ಫಿಲಡೆಲ್ಫಿಯಾದಲ್ಲಿ ವಲಸೆ ವಿರೋಧಿ ಗುಂಪುಗಳು ಕ್ಯಾಥೊಲಿಕ್ ಚರ್ಚುಗಳನ್ನು ಸುಟ್ಟವು. 1855ರ ಆಗಸ್ಟ್‌ನಲ್ಲಿ ಲೂಯಿವಿಲ್‌ನಲ್ಲಿ ಮತದಾನದ ದಿನವೇ ಐರಿಷ್ ಮತ್ತು ಜರ್ಮನ್ ಮೂಲದವರ ಮೇಲೆ ದಾಳಿಯಾಗಿ 20ಕ್ಕೂ ಹೆಚ್ಚು ಜನ ಸತ್ತರು. ಬ್ರಿಟನ್ ಮತ್ತು ಅಮೆರಿಕದ ಪತ್ರಿಕೆಗಳು ಐರಿಷ್ ಮನುಷ್ಯನನ್ನು ಕೋತಿ ಮುಖದಲ್ಲಿ, ಕೈಗೊಂದು ದೊಣ್ಣೆ ಕೊಟ್ಟು ಚಿತ್ರಿಸಿದವು. ‘ಅವರು ಹುಟ್ಟಾ ಹಾಗೇ’ ಎಂಬ ಮಾತು ಗಟ್ಟಿಯಾದದ್ದು ಈ ಕಾಲದಲ್ಲಿ, ವಲಸಿಗರನ್ನು ದೂರ ಇಡಬೇಕೆಂದವರ ಬಾಯಲ್ಲಿ. ಇಂದು ಭಾರತೀಯರು ಇದೇ ಮಾತನ್ನು ಐರಿಷರಿಗೆ ತಿರುಗಿಸಿ ಹೇಳುವ ಮುನ್ನ ಒಂದು ಕ್ಷಣ ನಿಲ್ಲಬೇಕು.

ಹಾಗೆಂದು ಏಟು ತಿಂದವರು ಏಟು ಕೊಡಲಿಲ್ಲ ಎಂದಲ್ಲ. 1863ರ ಜುಲೈನಲ್ಲಿ, ಅಮೆರಿಕದ ಅಂತರ್ಯುದ್ಧದ ನಡುವೆ, ನ್ಯೂಯಾರ್ಕ್‌ನಲ್ಲಿ ಕಡ್ಡಾಯ ಸೇನಾ ಭರ್ತಿ ಶುರುವಾಯಿತು. 300 ಡಾಲರ್ ಕಟ್ಟಿದವರಿಗೆ ವಿನಾಯಿತಿ ಇತ್ತು. ಕೂಲಿಗಾರನಿಗೆ ಅದು ವರ್ಷದ ದುಡಿಮೆ. ನ್ಯೂಯಾರ್ಕ್ ಹೊತ್ತಿ ಉರಿಯಿತು. ದಂಗೆಕೋರರಲ್ಲಿ ಐರಿಷರೇ ಬಹಳ. ಸಿಟ್ಟು ಹೊರಟದ್ದು ಸರ್ಕಾರದ ಮೇಲೆ, ಹೋಗಿ ಬಿದ್ದದ್ದು ಕಪ್ಪು ಜನರ ಮೇಲೆ. ಕಪ್ಪು ಗಂಡಸರನ್ನು ಹಿಡಿದು ನೇಣಿಗೆ ಹಾಕಿದರು. ಇನ್ನೂರಕ್ಕೂ ಹೆಚ್ಚು ಮಕ್ಕಳಿದ್ದ ಕಪ್ಪು ಅನಾಥರ ಆಶ್ರಮವನ್ನು ಸುಟ್ಟರು. ಮಕ್ಕಳು ಹೇಗೋ ಹಿಂಬಾಗಿಲಿನಿಂದ ಪಾರಾದರು. ನಾಲ್ಕು ದಿನಗಳಲ್ಲಿ ಕನಿಷ್ಠ ನೂರು ಜನ ಸತ್ತರು.

ತನಗೆ ನ್ಯಾಯ ಸಿಗದವನು ತನಗಿಂತ ದುರ್ಬಲನನ್ನು ಹುಡುಕಿ ಹೊಡೆಯುತ್ತಾನೆ ಎಂಬುದಕ್ಕೆ ಇದಕ್ಕಿಂತ ಕಹಿ ಉದಾಹರಣೆ ಐರಿಷ್ ಇತಿಹಾಸದಲ್ಲಿ ಇಲ್ಲ. ಅದೇ ದಿನಗಳಲ್ಲಿ ದಂಗೆ ತಡೆಯಲು ನಿಂತ ಪೊಲೀಸರಲ್ಲೂ ಐರಿಷರು ಸಾಕಷ್ಟಿದ್ದರು. 20ನೇ ಶತಮಾನ ಶುರುವಾಗುವಾಗ ನ್ಯೂಯಾರ್ಕ್ ಪೊಲೀಸ್ ಇಲಾಖೆಯ ದೊಡ್ಡ ಪಾಲು ಐರಿಷ್ ಮೂಲದವರದೇ ಆಗಿತ್ತು. ಎರಡೇ ತಲೆಮಾರಿನಲ್ಲಿ ಕೈದಿಯ ಸಾಲಿನಿಂದ ಪೇದೆಯ ಸಾಲಿಗೆ ಬಂದರು. ಮತದ ಬಲ, ನಗರಸಭೆಯ ಕೆಲಸ, ಯೂನಿಯನ್ನು, ಶಾಲೆ ಅವರನ್ನು ಅಲ್ಲಿಗೆ ತಂದವು.

ಅಪರಾಧವಿಲ್ಲದ ದೇಶ, ಬೀಗ ಹಾಕಿದ ಮನೆಗಳು

ಸ್ವಾತಂತ್ರ್ಯದ ಹೋರಾಟ, ಅದರ ಬೆನ್ನಿಗೇ 1922–23ರ ಅಂತರ್ಯುದ್ಧ. ಹೊಸ ಸರ್ಕಾರ 70ಕ್ಕೂ ಹೆಚ್ಚು ಜನ ತನ್ನವರನ್ನೇ ಗುಂಡಿಟ್ಟು ಕೊಂದಿತು. ಇಷ್ಟು ರಕ್ತ ಹರಿದ ದೇಶ ಆಮೇಲೂ ಕುದಿಯುತ್ತಲೇ ಇರಬೇಕಿತ್ತು. ಹಾಗಾಗಲಿಲ್ಲ. 1922ರಲ್ಲಿ ಹುಟ್ಟಿದ ಗಾರ್ಡಾ ಪೊಲೀಸ್ ಪಡೆ ಆ ಅಂತರ್ಯುದ್ಧದ ನಡುವೆಯೇ ಬಂದೂಕಿಲ್ಲದೆ ಹಳ್ಳಿಗಳಿಗೆ ಹೋಯಿತು. ಜನರ ಒಪ್ಪಿಗೆಯೇ ನಮ್ಮ ಬಲ ಎಂಬುದು ಅದರ ಮೊದಲ ಕಮಿಷನರ್ ಮೈಕಲ್ ಸ್ಟೇನ್ಸ್ ಅವರ ನಿಲುವು. ಇಂದಿಗೂ ಹೆಚ್ಚಿನ ಗಾರ್ಡಾಗಳ ಬಳಿ ಬಂದೂಕಿಲ್ಲ.

1950ರ ದಶಕದ ಕೊನೆಗೆ ಇಡೀ ಗಣರಾಜ್ಯದ ಜೈಲುಗಳಲ್ಲಿ ಇದ್ದವರು 400ಕ್ಕಿಂತ ಕಡಿಮೆ. ಈಗ ಆ ಸಂಖ್ಯೆ 5 ಸಾವಿರ ದಾಟಿದೆ. ಇದನ್ನು ನೋಡಿ ‘ಆ ಕಾಲ ಎಷ್ಟು ಚೆನ್ನಾಗಿತ್ತು, ಹೊರಗಿನವರು ಬಂದು ಕೆಡಿಸಿದರು’ ಎನ್ನುವವರು ಐರ್ಲೆಂಡ್‌ನಲ್ಲಿ ಇದ್ದಾರೆ. ವಲಸೆ ವಿರೋಧಿಗಳ ದೊಡ್ಡ ವಾದವೇ ಇದು.

ಈ ಚಿತ್ರದ ಇನ್ನೊಂದು ಬದಿ ನೋಡಬೇಕು. ಅದೇ ಕಾಲದಲ್ಲಿ ಸುಮಾರು 20 ಸಾವಿರ ಜನ ಮಾನಸಿಕ ಆಸ್ಪತ್ರೆಗಳಲ್ಲಿದ್ದರು. ಅವರಲ್ಲಿ ಎಷ್ಟೋ ಮಂದಿ ಮನೆಯವರಿಗೆ ಬೇಡವಾದವರು. ಬಡ ಮಕ್ಕಳು ಚರ್ಚ್ ನಡೆಸುವ ಇಂಡಸ್ಟ್ರಿಯಲ್ ಶಾಲೆಗಳಲ್ಲಿದ್ದರು. ಮದುವೆಯಾಗದೆ ತಾಯಿಯಾದವರನ್ನು ತಾಯಿ-ಮಗು ಗೃಹಗಳಿಗೆ ಸೇರಿಸುತ್ತಿದ್ದರು. ‘ದಾರಿ ತಪ್ಪಿದರು’ ಎನಿಸಿಕೊಂಡ ಹೆಣ್ಣುಮಕ್ಕಳು ಮ್ಯಾಗ್ಡಲೀನ್ ಲಾಂಡ್ರಿಗಳಲ್ಲಿ ಸಂಬಳವಿಲ್ಲದೆ ಬಟ್ಟೆ ಒಗೆಯುತ್ತಿದ್ದರು. ಎಲ್ಲ ಸೇರಿಸಿದರೆ ಜನಸಂಖ್ಯೆಯ ಶೇ. 1ಕ್ಕಿಂತ ಹೆಚ್ಚು ಮಂದಿ ಬೀಗದ ಹಿಂದಿದ್ದರು. ಇನ್ನು ಬಿಸಿರಕ್ತದ ಹುಡುಗರು? ಆ ದಶಕದಲ್ಲಿ ಸುಮಾರು 4 ಲಕ್ಷ ಜನ ಕೆಲಸ ಹುಡುಕಿ ದೇಶ ಬಿಟ್ಟರು. ಬೀದಿ ಶಾಂತವಾಗಿದ್ದದ್ದು ಇದರಿಂದಲೂ ಹೌದು.

ಮಕ್ಕಳ ಮೇಲೆ ಈ ಶಾಲೆಗಳಲ್ಲಿ ನಡೆದ ಹೊಡೆತ, ಲೈಂಗಿಕ ದೌರ್ಜನ್ಯವನ್ನು 2009ರ ರಯಾನ್ ವರದಿ ಸಾವಿರಾರು ಪುಟಗಳಲ್ಲಿ ದಾಖಲಿಸಿತು. ಗಾಲ್ವೇ ಜಿಲ್ಲೆಯ ಟ್ಯೂಮ್ ಊರಿನಲ್ಲಿ ಸನ್ಯಾಸಿನಿಯರು ನಡೆಸುತ್ತಿದ್ದ ಗೃಹದಲ್ಲಿ 796 ಮಕ್ಕಳು ಸತ್ತಿದ್ದರು. ಅವರನ್ನು ಹೂತ ದಾಖಲೆ ಎಲ್ಲೂ ಇರಲಿಲ್ಲ. ಸ್ಥಳೀಯ ಇತಿಹಾಸಕಾರ್ತಿ ಕ್ಯಾಥರೀನ್ ಕಾರ್ಲೆಸ್ ಒಂದೊಂದೇ ಮರಣಪತ್ರ ಹುಡುಕಿ ಇದನ್ನು ಹೊರತಂದರು. ಆ ನೆಲದ ಪೂರ್ತಿ ಉತ್ಖನನ ಶುರುವಾದದ್ದು 2025ರ ಜುಲೈ 14ರಂದು, ಟ್ಯಾಲಾ ಹಲ್ಲೆಯಾದ ಅದೇ ವಾರ.

ಕನ್ನಡಿಗರಿಗೆ ಈ ಐರ್ಲೆಂಡ್ ಪರಿಚಯವಾದದ್ದು ಬೆಳಗಾವಿಯ ಸವಿತಾ ಹಾಲಪ್ಪನವರ್ ಮೂಲಕ. 2012ರಲ್ಲಿ ಗಾಲ್ವೇ ಆಸ್ಪತ್ರೆಯಲ್ಲಿ ಗರ್ಭಪಾತ ನಿರಾಕರಿಸಿದ ಮೇಲೆ ಅವರು ತೀರಿಕೊಂಡರು. 2018ರ ಜನಮತದಲ್ಲಿ ಐರಿಷರು ಮೂರರಲ್ಲಿ ಎರಡು ಪಾಲಿನಷ್ಟು ಮತ ಹಾಕಿ ಗರ್ಭಪಾತ ತಡೆಯುತ್ತಿದ್ದ ಕಾನೂನನ್ನು ಕಿತ್ತು ಹಾಕಿದರು. ಪೊಲೀಸ್ ಲೆಕ್ಕಕ್ಕೆ ಸೇರದ ಹಿಂಸೆಯನ್ನು ಹಿಂಸೆ ಎಂದು ಒಪ್ಪಿಕೊಳ್ಳಲು ಆ ಸಮಾಜಕ್ಕೆ ಇಷ್ಟು ಕಾಲ ಬೇಕಾಯಿತು.

ಉತ್ತರದ ಮೂವತ್ತು ವರ್ಷ

1921ರಲ್ಲಿ ದ್ವೀಪ ಎರಡಾಯಿತು. ಬ್ರಿಟನ್ ಜೊತೆ ಉಳಿದ ಉತ್ತರ ಐರ್ಲೆಂಡಿನಲ್ಲಿ ಪ್ರೊಟೆಸ್ಟೆಂಟರು ಬಹುಸಂಖ್ಯಾತರು. ಮನೆ ಹಂಚಿಕೆ, ನೌಕರಿ, ಸ್ಥಳೀಯ ಚುನಾವಣೆ ಎಲ್ಲದರಲ್ಲೂ ಕ್ಯಾಥೊಲಿಕರಿಗೆ ತಾರತಮ್ಯ. 1968ರ ನಾಗರಿಕ ಹಕ್ಕುಗಳ ಮೆರವಣಿಗೆಗೆ ಪೊಲೀಸರು ಲಾಠಿ ಬೀಸಿದರು. 1972ರ ಜನವರಿ 30ರಂದು ಡೆರಿಯಲ್ಲಿ ಬ್ರಿಟಿಷ್ ಸೈನಿಕರು ನಿರಾಯುಧ ಜನರ ಮೇಲೆ ಗುಂಡು ಹಾರಿಸಿ 13 ಜನರನ್ನು ಅಲ್ಲೇ ಕೊಂದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಬಂದೂಕು ಹಿಡಿದಿದ್ದ ಐಆರ್‌ಎ (ಐರಿಷ್ ರಿಪಬ್ಲಿಕನ್ ಆರ್ಮಿ) ಸೇರುವ ಹುಡುಗರ ಸಾಲು ಉದ್ದವಾಯಿತು. 30 ವರ್ಷಗಳಲ್ಲಿ 3,500ಕ್ಕೂ ಹೆಚ್ಚು ಸಾವು. ಹೆಚ್ಚು ಕೊಲೆ ಮಾಡಿದ್ದು ಐಆರ್‌ಎಯಂಥ ರಿಪಬ್ಲಿಕನ್ ಗುಂಪುಗಳೇ.

1998ರ ಏಪ್ರಿಲ್‌ನ ಗುಡ್ ಫ್ರೈಡೇ ಒಪ್ಪಂದ ಅಧಿಕಾರ ಹಂಚಿತು. ಅದಕ್ಕಿಂತ ಕಡಿಮೆ ಚರ್ಚೆಯಾದರೂ ನನ್ನ ಮಟ್ಟಿಗೆ ಅಷ್ಟೇ ದೊಡ್ಡದಾದ ಹೆಜ್ಜೆ ಪೊಲೀಸ್ ಸುಧಾರಣೆ. 2001ರಲ್ಲಿ ಹಳೆ ಪಡೆಯ ಹೆಸರು, ಲಾಂಛನ ಎಲ್ಲ ಬದಲಾದವು. ಮುಂದಿನ ಹತ್ತು ವರ್ಷ ಹೊಸ ಭರ್ತಿಯಲ್ಲಿ ಅರ್ಧ ಕ್ಯಾಥೊಲಿಕರಿಗೆ, ಅರ್ಧ ಉಳಿದವರಿಗೆ. ಶೇ. 8ರಷ್ಟಿದ್ದ ಕ್ಯಾಥೊಲಿಕ್ ಪೊಲೀಸರು ಶೇ. 30ರ ಹತ್ತಿರಕ್ಕೆ ಬಂದರು. ತಮ್ಮ ಕಡೆಯವರೂ ಠಾಣೆಯಲ್ಲಿ ಕೂತಾಗ ಜನ ಠಾಣೆಗೆ ಹೋಗುವ ಧೈರ್ಯ ಮಾಡಿದರು.

ಟ್ಯಾಲಾಕ್ಕೆ ಬರುವ ದಾರಿ

ದಕ್ಷಿಣದಲ್ಲಿ ಹೊಸ ಕಾಲದ ಅಪರಾಧ ಶುರುವಾದದ್ದು 1980ರ ಸುಮಾರಿಗೆ, ಹೆರಾಯಿನ್ ಜೊತೆ. ಬಂದರಿನ ಕೂಲಿ ಕೆಲಸ ಸತ್ತುಹೋಗಿದ್ದ ಡಬ್ಲಿನ್ ನಡುಪೇಟೆಯ ಬಡ ಬೀದಿಗಳಿಗೆ ಅದು ನುಗ್ಗಿತು. ಸರ್ಕಾರ ಬಹಳ ದಿನ ತಲೆ ಕೆಡಿಸಿಕೊಳ್ಳಲಿಲ್ಲ. 1996ರ ಜೂನ್‌ನಲ್ಲಿ ಪತ್ರಕರ್ತೆ ವೆರೋನಿಕಾ ಗೆರಿನ್ ಅವರನ್ನು ಹೆದ್ದಾರಿಯ ಸಿಗ್ನಲ್ ಬಳಿ ಗುಂಡಿಟ್ಟು ಕೊಂದ ಮೇಲೆ ದೇಶ ಎದ್ದು ಕೂತಿತು. ಅದೇ ವರ್ಷ ಅಪರಾಧಿಗಳ ಆಸ್ತಿ ಜಪ್ತಿ ಮಾಡುವ ವಿಶೇಷ ಸಂಸ್ಥೆ ಬಂತು. ದೊಡ್ಡ ತಲೆಗಳು ಸ್ಪೇನ್, ದುಬೈ ಸೇರಿದವು. ಆದರೆ ಅವರಿಗೆ ಹುಡುಗರನ್ನು ಒದಗಿಸಿದ ಬೀದಿಗಳು ಹಾಗೇ ಉಳಿದವು.

ಟ್ಯಾಲಾ ಒಂದು ಕಾಲದ ಹಳ್ಳಿ. 1970ರ ದಶಕದಿಂದ ನಗರದ ಬಡ ಕುಟುಂಬಗಳನ್ನು ಅಲ್ಲಿಗೆ ಸಾಗಿಸಿದರು. ಮನೆ ಮೊದಲು ಬಂತು, ಕೆಲಸ, ಬಸ್ಸು, ಆಟದ ಮೈದಾನ ಬಹಳ ತಡವಾಗಿ. 2008ರ ಆರ್ಥಿಕ ಕುಸಿತದಲ್ಲಿ ಸರ್ಕಾರಿ ಮನೆ ಕಟ್ಟುವುದು ಹೆಚ್ಚು ಕಡಿಮೆ ನಿಂತೇ ಹೋಯಿತು. 2009ರಿಂದ 2014ರವರೆಗೆ ಗಾರ್ಡಾ ಭರ್ತಿಯೂ ನಿಂತಿತ್ತು. ಇದೇ ಹೊತ್ತಿಗೆ ಐಟಿ, ಔಷಧ ಕಂಪನಿಗಳು ಬೆಳೆದವು, ಆಸ್ಪತ್ರೆಗಳಿಗೆ ನರ್ಸ್‌ಗಳು ಬೇಕಾದರು. 2022ರ ಜನಗಣತಿಯಲ್ಲಿ ಭಾರತದ ಪೌರರು 45 ಸಾವಿರ ದಾಟಿದ್ದರು. ಆರು ವರ್ಷದ ಹಿಂದೆ ಅವರು ಹನ್ನೆರಡು ಸಾವಿರವೂ ಇರಲಿಲ್ಲ. ಅದೇ ವರ್ಷದಿಂದ ಯುಕ್ರೇನ್ ನಿರಾಶ್ರಿತರೂ ಬಂದರು. ಬಾಡಿಗೆ ಮನೆ ಸಿಗುವುದೇ ಕಷ್ಟವಾಯಿತು.

ಮನೆ ಕಟ್ಟದಿದ್ದದ್ದು ಸರ್ಕಾರ. ಆದರೆ ಬಾಡಿಗೆ ಮನೆಗೆ ಸಾಲಿನಲ್ಲಿ ನಿಂತಾಗ ಕಣ್ಣಿಗೆ ಬೀಳುವುದು ಪಕ್ಕದಲ್ಲಿ ನಿಂತ ಬೇರೆ ಬಣ್ಣದ ಮನುಷ್ಯ. ಈ ಸಿಟ್ಟಿಗೆ ‘ಐರ್ಲೆಂಡ್ ತುಂಬಿಹೋಗಿದೆ’ ಎಂಬ ಘೋಷಣೆ ಸಿಕ್ಕಿತು. 2023ರ ನವೆಂಬರ್ 23ರಂದು ಡಬ್ಲಿನ್ ಶಾಲೆಯೊಂದರ ಬಳಿ ಮಕ್ಕಳಿಗೆ ಚಾಕು ಇರಿತವಾಯಿತು. ಇರಿದವನು ವಲಸಿಗ ಎಂಬ ಸುದ್ದಿ ಮೊಬೈಲ್‌ಗಳಲ್ಲಿ ಹರಡಿತು. ಕೆಲವೇ ಗಂಟೆಗಳಲ್ಲಿ ಬಸ್ಸು, ಟ್ರಾಮು, ಪೊಲೀಸ್ ಕಾರು ಉರಿದವು. ಆ ಇರಿತವನ್ನು ತಡೆಯಲು ಓಡಿದವರಲ್ಲಿ ಬ್ರೆಜಿಲ್ ಮೂಲದ ಡೆಲಿವರಿ ಕೆಲಸಗಾರನೂ ಒಬ್ಬ ಎಂಬುದು ದಂಗೆಕೋರರಿಗೆ ಬೇಕಿರಲಿಲ್ಲ.

ಯಾರ ವಾದ ಏನು

ಇದು ಪುಂಡ ಹುಡುಗರ ಹಾವಳಿ, ಜನಾಂಗ ದ್ವೇಷವಲ್ಲ ಎನ್ನುವವರು ಒಂದು ಕಡೆ. ಬಿಳಿಯರೂ ಇದೇ ಹುಡುಗರಿಂದ ಏಟು ತಿನ್ನುತ್ತಾರೆ ಎಂಬುದು ಅವರ ಮಾತು. ಅದು ಸುಳ್ಳಲ್ಲ. ಆದರೆ ಆರು ವರ್ಷದ ಮಗುವಿಗೆ ‘ಭಾರತಕ್ಕೆ ಹೋಗು’ ಎಂದು ಹೇಳಿ ಹೊಡೆದರೆ ಅದಕ್ಕೆ ಬೇರೆ ಹೆಸರಿಲ್ಲ. ಇಡೀ ದೇಶವೇ ದ್ವೇಷಿಗಳದ್ದು ಎನ್ನುವವರು ಇನ್ನೊಂದು ಕಡೆ. 2024ರ ನವೆಂಬರ್ ಸಾರ್ವತ್ರಿಕ ಚುನಾವಣೆಯಲ್ಲಿ ಕಟ್ಟಾ ಬಲಪಂಥೀಯ ಪಕ್ಷಗಳಿಗೆ ಒಂದು ಸೀಟೂ ಸಿಗಲಿಲ್ಲ. ಹಲ್ಲೆಯ ನಂತರ ಟ್ಯಾಲಾದಲ್ಲೇ ನೂರಾರು ಜನ ಭಾರತೀಯರ ಪರ ಬೀದಿಗಿಳಿದರು. ಟ್ಯಾಲಾದಲ್ಲಿ ಆ ರಕ್ತಸಿಕ್ತ ವ್ಯಕ್ತಿಗೆ ನೆರವಾಗಿ, ಅವರ ಪರ ಗಟ್ಟಿಯಾಗಿ ಮಾತಾಡಿದ್ದೂ ಒಬ್ಬ ಐರಿಷ್ ಮಹಿಳೆ.

ಎರಡೂ ವಾದಗಳು ಬಿಟ್ಟುಬಿಡುವ ಅಂಶ ಶಿಕ್ಷೆಯ ಭಯ ಇಲ್ಲದಿರುವುದು. ದಾಳಿ ಮಾಡಿದವರಲ್ಲಿ ಹಲವರು ಹದಿಹರೆಯದವರು. 2001ರ ಮಕ್ಕಳ ಕಾಯ್ದೆ ಪ್ರಕಾರ 18ಕ್ಕಿಂತ ಚಿಕ್ಕವರನ್ನು ಆದಷ್ಟು ಕೋರ್ಟಿಗೆ ಎಳೆಯದೆ ಬುದ್ಧಿ ಹೇಳಿ ತಿದ್ದುವ ದಾರಿ ನೋಡಬೇಕು. ಅದು ಒಳ್ಳೆ ಕಾನೂನು, ಕೆಲಸವನ್ನೂ ಮಾಡಿದೆ. ಆದರೆ ಕೇಸು ಏನಾಯಿತು ಎಂದು ಏಟು ತಿಂದವನಿಗೆ ಹೇಳುವವರೇ ಇಲ್ಲದಿದ್ದರೆ ಅದು ಕೈಬಿಟ್ಟಂತೆ ಕಾಣುತ್ತದೆ. ದ್ವೇಷ ಅಪರಾಧದ ಹೊಸ ಕಾಯ್ದೆ 2024ರ ಡಿಸೆಂಬರ್ 31ರಿಂದ ಜಾರಿಯಲ್ಲಿದೆ. ದ್ವೇಷದಿಂದ ಹೊಡೆದರೆ ಶಿಕ್ಷೆ ಹೆಚ್ಚು. ದ್ವೇಷ ಭಾಷಣದ ಭಾಗವನ್ನು ಮಾತ್ರ ವಿರೋಧ ಬಂದಾಗ ಕೈಬಿಡಲಾಯಿತು. ಆನ್‌ಲೈನ್ ಸುಳ್ಳಿನಿಂದ ಬೀದಿ ಗಲಾಟೆ ಹುಟ್ಟುತ್ತಿರುವಾಗ ಇದು ದೊಡ್ಡ ಕಿಂಡಿಯೇ.

ಮುಂದೇನಾಗಬಹುದು

ಮೊದಲ ಪರಿಣಾಮ ಆಸ್ಪತ್ರೆಗಳಲ್ಲಿ ಕಾಣುತ್ತದೆ. ಐರ್ಲೆಂಡಿನ ಆರೋಗ್ಯ ವ್ಯವಸ್ಥೆ ಭಾರತೀಯ ನರ್ಸ್‌ಗಳಿಲ್ಲದೆ ನಡೆಯುವುದು ಕಷ್ಟ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗಲು ಹೆದರಿಕೆಯಾದರೆ ಆಸ್ಟ್ರೇಲಿಯಾ, ಕೆನಡಾ ಅವರಿಗೆ ಬಾಗಿಲು ತೆರೆದಿವೆ. ಎರಡನೆಯದು, ಹೆದರಿದ ಸಮುದಾಯ ತನ್ನೊಳಗೆ ಮುದುಡಿಕೊಳ್ಳುತ್ತದೆ. ಮಕ್ಕಳು ಪಾರ್ಕಿಗೆ ಹೋಗುವುದಿಲ್ಲ. ಗೆಳೆತನ ಹುಟ್ಟುವುದಿಲ್ಲ. ಅಪರಿಚಿತರಾಗಿ ಉಳಿದವರ ಬಗ್ಗೆ ಸುಳ್ಳು ಹಬ್ಬಿಸುವುದು ಇನ್ನೂ ಸುಲಭ.

ಮೂರನೆಯದು ದೂರು ಕೊಡದಿರುವುದು. ವೀಸಾಕ್ಕೆ ತೊಂದರೆಯಾದೀತು, ಪೊಲೀಸರು ಏನೂ ಮಾಡುವುದಿಲ್ಲ, ಸುಮ್ನೆ ಯಾಕೆ ಎಂದು ಬಿಟ್ಟುಬಿಡುವವರು ಬಹಳ. ಲೆಕ್ಕಕ್ಕೆ ಬರದ ಹಲ್ಲೆಗೆ ಪೊಲೀಸ್ ಬಲವೂ ಬರುವುದಿಲ್ಲ. ಇಲ್ಲಿ ಐರ್ಲೆಂಡಿನ ಸ್ವಂತ ಅನುಭವವೇ ದಾರಿ ತೋರಿಸುತ್ತದೆ. ಪೇಟ ಧರಿಸಲು ಬಿಡದ ಕಾರಣ 2007ರಲ್ಲಿ ಸಿಖ್ ಯುವಕನೊಬ್ಬ ಗಾರ್ಡಾ ಮೀಸಲು ಪಡೆಯಿಂದ ಹೊರಗುಳಿಯಬೇಕಾಯಿತು. 2019ರಲ್ಲಿ ಆ ನಿಯಮ ಬದಲಾಗಿ ಪೇಟಕ್ಕೂ ಹಿಜಾಬಿಗೂ ಒಪ್ಪಿಗೆ ಸಿಕ್ಕಿತು. ನಿಯಮ ಬದಲಾಯಿಸುವುದು ಅರ್ಧ ಕೆಲಸ. ಉತ್ತರದಲ್ಲಿ ಕ್ಯಾಥೊಲಿಕರಿಗಾಗಿ ಭರ್ತಿಯ ಅರ್ಧ ಜಾಗ ತೆಗೆದಿಟ್ಟ ಹಾಗೆ, ಡಬ್ಲಿನ್‌ನಲ್ಲಿ ಹುಟ್ಟಿ ಬೆಳೆದ ಭಾರತೀಯ, ನೈಜೀರಿಯನ್, ಬ್ರೆಜಿಲಿಯನ್ ಮೂಲದ ಹುಡುಗ ಹುಡುಗಿಯರನ್ನು ಹುಡುಕಿಕೊಂಡು ಹೋಗಿ ಪಡೆಗೆ ಸೇರಿಸಬೇಕು. ಅವರ ಜೊತೆ ಟ್ಯಾಲಾದ ಆ ಬೀದಿಗಳ ಮಕ್ಕಳನ್ನೂ ಸೇರಿಸಬೇಕು, ಏಕೆಂದರೆ ಪೊಲೀಸ್ ಪರಕೀಯ ಎಂದು ಈಗ ಅನಿಸುತ್ತಿರುವುದು ಅವರಿಗೂ ಹೌದು.